ನವರಂಗಕ್ಕೊಂದು ಪ್ರೈವೇಟ್ ನಂಬರ್

ಮಣಿನಗರ, ಅಹಮದಾಬಾದ್
12 ಜೂನ್ 2024

ಪ್ರಿಯ ಗುಂಡಪ್ಪ,

ಯುಗಾದಿಗೆ ನೀನು ಬರೆದ ಕಾರ್ಡು ಇನ್ನೂ ನನ್ನ ಟಿಫಿನ್ ಚೀಲದಲ್ಲೇ ಇದೆ. ದಿನಾ ನನ್ನ ಜೊತೆ ಡ್ಯೂಟಿಗೆ ಹೋಗುತ್ತದೆ, ದಿನಾ ಮನೆಗೆ ವಾಪಸು ಬರುತ್ತದೆ, ಉತ್ತರ ಮಾತ್ರ ಹೊರಡಲಿಲ್ಲ. ಎರಡು ತಿಂಗಳು ಲೇಟು. ಗೂಡ್ಸ್ ಗಾಡಿಯೂ ಇಷ್ಟು ಲೇಟಾಗಿ ಬರುವುದಿಲ್ಲ ಎಂದು ನೀನು ಬೈಯುವ ಮೊದಲು ನಾನೇ ಬೈದುಕೊಂಡಿದ್ದೇನೆ. ನಾನೂ ಅನಸೂಯಳೂ ಆರಾಮಾಗಿದ್ದೇವೆ. ನಲವತ್ನಾಲ್ಕು ಡಿಗ್ರಿ ಬಿಸಿಲಿನಲ್ಲಿ ಎಷ್ಟು ಆರಾಮಾಗಿರಬಹುದೋ ಅಷ್ಟು. ನೀನು, ಶಾಂತಾ ವೈನಿ, ವರ್ಷಿಣಿ ಹುಬ್ಬಳ್ಳಿಯಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ.

ಉಳಿದ ಸುಖದುಃಖ ಆಮೇಲೆ. ಮೊದಲು ಸುದ್ದಿ ಕೇಳು. ನವರಂಗ ಬಂದಿದೆ! ಎಲ್ಲಿಗೆ ಅಂತೀಯ? ವಟ್ವಾಕ್ಕೆ! ನಮ್ಮ ಘಟ್ಟದ ಕಾಡಿನಲ್ಲಿ, ಬಿಸಿಲೇ ನೆಲ ಮುಟ್ಟದ ಕಡೆ, ಒದ್ದೆ ತರಗೆಲೆ ಕೆದಕುತ್ತಾ ಕುಪ್ಪಳಿಸುತ್ತಿತ್ತಲ್ಲ, ಅದೇ ನವರಂಗ, ಬಣ್ಣದ ಕಾರ್ಖಾನೆಗಳ ನಡುವಿನ ನಮ್ಮ ಯಾರ್ಡಿನಲ್ಲಿ. ನಾನು ಸುಳ್ಳು ಹೇಳುತ್ತಿಲ್ಲ.

ಮೊನ್ನೆ ಬೆಳಿಗ್ಗೆ ಆರೂವರೆ. ನಾನು ಡ್ಯೂಟಿ ಮುಗಿಸಿ ಚಾರ್ಜ್ ಕೊಟ್ಟಾಗಿತ್ತು, ಇದನ್ನು ಮೊದಲೇ ಬರೆದುಬಿಡುತ್ತೇನೆ. ಕ್ಯಾಬಿನ್ನಿನ ಮೆಟ್ಟಿಲು ಇಳಿಯುತ್ತಿದ್ದೆ. ನಮ್ಮ ಪಾಯಿಂಟ್ಸ್‌ಮನ್ ಅಮೃತ್‌ಭಾಯಿ ತಲೆಯ ಟವೆಲ್ಲನ್ನು ಬಟ್ಟಲಿನ ಹಾಗೆ ಹಿಡಿದುಕೊಂಡು ಹಳಿ ದಾಟಿ ಓಡಿ ಬಂದ. "ಸಾಹೇಬ್, ಯಾರೋ ಪಾಪಿ ಈ ಹಕ್ಕಿಗೆ ಫ್ಯಾಕ್ಟರಿ ಬಣ್ಣ ಹಚ್ಚಿದ್ದಾನೆ ಅಂತ ಹುಡುಗರು ಹೇಳ್ತಿದ್ದಾರೆ, ನೋಡಿ" ಎಂದು ಹಿಂದಿಯಲ್ಲಿ ಹೇಳಿದ. ಹೇಳಿ ತಾನೇ ನಕ್ಕ. ಅದು ಬಳಿದ ಬಣ್ಣವಲ್ಲ ಎಂದು ಅವನಿಗೆ ಗೊತ್ತಿತ್ತು. ಟವೆಲ್ ಬಿಚ್ಚಿದ. ಗುಂಡ್ಯಾ, ಸಾಕ್ಷಾತ್ ನವರಂಗ!

ಗಿಡ್ಡ ಬಾಲ, ಉದ್ದ ಗುಲಾಬಿ ಕಾಲು, ಮೈನಾಗಿಂತ ಒಂದಿಷ್ಟು ಚಿಕ್ಕದು. ಬೆನ್ನು ಎಳೆ ಬಾಳೆಲೆಯ ಹಸಿರು. ನೆತ್ತಿ ಕಂದು, ಅದರ ಮಧ್ಯೆ ಕಪ್ಪು ಬೈತಲೆ. ಕಣ್ಣಿಗೆ ಅಡ್ಡಲಾಗಿ ಕಳ್ಳನ ಹಾಗೆ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಹುಬ್ಬು. ಗಂಟಲು ಬಿಳಿ. ಹೊಟ್ಟೆ ತೊಗರಿಬೇಳೆ ಹಳದಿ. ಬಾಲದ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಹೆಗಲ ಮೇಲೆ ನೀಲಿ ತೇಪೆ. ನಾನು ಬೆರಳು ಮಡಿಚಿ ಎಣಿಸಿದೆ, ಕೊಕ್ಕಿನ ಕಿತ್ತಳೆಯನ್ನು ಬಿಟ್ಟು ಎಂಟಾಯಿತು. ಕೊಕ್ಕು ಲೆಕ್ಕಕ್ಕಿಲ್ಲ ಎಂದು ನೀನೇ ರೂಲು ಮಾಡಿದ್ದೆ. ಒಂಬತ್ತನೆಯ ಬಣ್ಣ ಹಾರಿದಾಗ ಮಾತ್ರ ಕಾಣುತ್ತದೆ, ಅದನ್ನು ಕಂಡವನೇ ನವರಂಗ ನೋಡಿದವನು, ನೀನು ಬರೀ ಎಂಟರ ಗಿರಾಕಿ ಎಂದು ಆಗ ನನ್ನನ್ನು ಎಷ್ಟು ಸತಾಯಿಸುತ್ತಿದ್ದೆ!

ಪಾಪ, ರಾತ್ರಿಯೆಲ್ಲ ಹಾರಿ ಸುಸ್ತಾಗಿ ಗೋಡೆಗೆ ಬಡಿದಿರಬೇಕು. ಅಮೃತ್‌ಭಾಯಿ ನನ್ನ ಕೈಗೆ ಕೊಡಲು ಬಂದ. ನಾನು ತೆಗೆದುಕೊಳ್ಳಲಿಲ್ಲ. "ನೀವೇ ಹಿಡ್ಕೊಳ್ಳಿ" ಎಂದೆ. ಶೂ ಡಬ್ಬಿಗೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಕತ್ತಲೆಯಲ್ಲಿ ಇಟ್ಟೆವು. ಸಂಜೆ ಅವನ ಸ್ಕೂಟರಿನ ಹಿಂದೆ ಡಬ್ಬಿ ತಬ್ಬಿಕೊಂಡು ಕೂತು ನವರಂಗಪುರದ ಒಂದು ಕಾಲೇಜಿನ ತೋಟಕ್ಕೆ ಹೋದೆ. ಹೌದಪ್ಪಾ, ನವರಂಗಪುರಕ್ಕೇ, ನಗು. ಅಲ್ಲಿ ದಟ್ಟ ಪೊದೆಗಳಿವೆ, ನಾಯಿಗಳಿಲ್ಲ. ಡಬ್ಬಿ ತೆರೆದ ತಕ್ಷಣ ಕುಪ್ಪಳಿಸಿ ಕುಪ್ಪಳಿಸಿ ಪೊದೆಯೊಳಗೆ ಹೋಯಿತು. ಹಾರಲಿಲ್ಲ. ಹೊರಗೆ ರಸ್ತೆಯಲ್ಲಿ ಆಟೋಗಳ ಗದ್ದಲ, ಒಳಗೆ ಈ ಮಹಾರಾಜರು ಎಲೆ ಕೆದಕುತ್ತಿದ್ದಾರೆ.

ಇನ್ನು ನೀನು ಗಮನವಿಟ್ಟು ಓದಬೇಕಾದ ಭಾಗ. ಈ ಹಕ್ಕಿ ಇಲ್ಲಿಗೆ ದಾರಿ ತಪ್ಪಿ ಬಂದದ್ದಲ್ಲ. ಚಳಿಗಾಲದಲ್ಲಿ ನಮ್ಮ ಘಟ್ಟದಲ್ಲಿ ಇರುವುದು ಮಳೆಗಾಲಕ್ಕೆ ಸಂಸಾರ ಹೂಡಲು ಇತ್ತ ಬರುತ್ತದೆ. ಅಮೃತ್‌ಭಾಯಿಯ ಊರು ವಡೋದರಾದ ಆಚೆ, ಜಾಂಬುಘೋಡಾ ಕಾಡಿನ ಅಂಚಿನಲ್ಲಿದೆ. ಅಲ್ಲಿ ಪ್ರತಿ ಮಳೆಗಾಲ ಗೂಡು ಕಟ್ಟುತ್ತದಂತೆ. ನಾವು ಹತ್ತು ವರ್ಷ ಪಕ್ಕಪಕ್ಕದ ಸ್ಟೇಷನ್ನುಗಳಲ್ಲಿ ಕೂತು ಇದರ ಚಳಿಗಾಲ ಮಾತ್ರ ನೋಡಿದೆವು. ಅರ್ಧ ಪುಸ್ತಕ ಓದಿದ ಹಾಗೆ. ಉಳಿದರ್ಧ ಇಲ್ಲಿದೆ, ಬಾ. ಹುಬ್ಬಳ್ಳಿಯಿಂದ ನೇರ ಗಾಡಿ ಇದೆ, ಪಾಸು ಇದೆ, ನೆಪ ಮಾತ್ರ ಹೇಳಬೇಡ.

ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ನೀನು ಎತ್ತುವುದಿಲ್ಲ. "ಬಾಯಿಮಾತು ಬ್ಯಾಡ, ಏನಿದ್ರೂ ಬರದು ಕಳಸು" ಎನ್ನುವುದು ಹನ್ನೊಂದು ವರ್ಷದಿಂದ ನಿನ್ನ ನಿಯಮ. ಅದಕ್ಕೇ ಬರೆದಿದ್ದೇನೆ.

ವೈನಿಗೆ ನಮಸ್ಕಾರ, ವರ್ಷಿಣಿಗೆ ಆಶೀರ್ವಾದ.

ನಿನ್ನ
ಚಂದ್ರಕಾಂತ

ತಾ.ಕ.: ವಟ್ವಾ ನವರಂಗಕ್ಕೆ ನನ್ನ ಪ್ರೈವೇಟ್ ನಂಬರ್ 31. ಬರೆದುಕೋ.


ಮಣಿನಗರ
9 ಜುಲೈ 2024

ಪ್ರಿಯ ಗುಂಡಪ್ಪ,

ನಿನ್ನ ಕಾರ್ಡು ತಲುಪಿತು. ನಾಲ್ಕೇ ಸಾಲು. ಮಳೆ ಆಗಿದೆ, ಮಂಡಿನೋವು ಇದೆ, ಬರಲಾಗುವುದಿಲ್ಲ. ನಾಲ್ಕನೆಯ ಸಾಲನ್ನು ನಾನು ಮೂರು ಸಲ ಓದಿದೆ: "ಬಾಲ್ಕನಿ ಎದುರು ಒಂದು ಹಕ್ಕಿ ಕೂಗಿತು. ಕೋಗಿಲೆ ಇರಬಹುದು. ಖಾತ್ರಿ ಇಲ್ಲ."

ಕೋಗಿಲೆ ಇರಬಹುದು! ಮಂಜಿನಲ್ಲಿ ಬಾಲ ಮಾತ್ರ ಕಂಡರೂ ಹಕ್ಕಿಯ ಹೆಸರು ಹೇಳುತ್ತಿದ್ದ ಮನುಷ್ಯ ನೀನು. ಚಿಕ್ಕ ಮಕ್ಕಳಿಗೂ ತಿಳಿಯುವ ಕೋಗಿಲೆಯ ಮೇಲೆ ನಿನಗೆ ಖಾತ್ರಿ ಇಲ್ಲವೆ? ನನಗೆ ಸಿಟ್ಟು ಬಂತು. ಸಿಟ್ಟು ನಿನ್ನ ಮೇಲಲ್ಲ, ಬಿಡು.

ಸಿಟ್ಟು ಇಳಿಯಲೆಂದು ಅಮೃತ್‌ಭಾಯಿಯ ಊರಿಗೇ ಹೋಗಿಬಂದೆ. ವಡೋದರಾದವರೆಗೆ ರೈಲು, ಅಲ್ಲಿಂದ ಬಸ್ಸು, ಬಸ್ಸಿನಿಂದ ಇಳಿದರೆ ಅವನ ಭಾವಮೈದುನನ ಬೈಕು. ಗುಂಡ್ಯಾ, ನಾನೇನೋ ಘಟ್ಟದಂಥ ಕಾಡು ನಿರೀಕ್ಷಿಸಿದ್ದೆ. ಇದು ಬೇರೆ ಜಾತಿಯ ಕಾಡು. ತೇಗ, ಬಿದಿರು, ಹಿಪ್ಪೆ. ಬೇಸಿಗೆಯಲ್ಲಿ ಒಣಗಿ ಕಡ್ಡಿಯಾಗಿತ್ತಂತೆ, ಎರಡು ವಾರದ ಮಳೆಗೆ ಎಲ್ಲ ಕಡೆ ಹಸಿರು ಉಕ್ಕಿದೆ. ಹಳ್ಳದ ಬದಿಯಲ್ಲಿ ತೇಗದ ಎಲೆ ಕೊಳೆತು ನಮ್ಮ ಕಾಡಿನದೇ ವಾಸನೆ. ನಾನು ಅಲ್ಲೇ ನಿಂತು ಮೂಗು ತುಂಬ ಎಳೆದುಕೊಂಡೆ. ಅಮೃತ್‌ಭಾಯಿ, "ಸಾಹೇಬ್, ಇಲ್ಲಿ ಹಂದಿ ಸತ್ತಿದೆಯಾ ಏನು?" ಎಂದು ಗಾಬರಿಯಿಂದ ಕೇಳಿದ.

ಆಗ ಕೂಗಿತು ನೋಡು! ವ್ಹೀ... ಟ್ಯೂ. ನಮ್ಮ ಘಟ್ಟದಲ್ಲಿ ಬೆಳಿಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು, ಹಾಜರಿ ಹಾಕಿದ ಹಾಗೆ ಕೂಗಿ ಸುಮ್ಮನಾಗುತ್ತಿತ್ತಲ್ಲ? ಗ್ಯಾಂಗ್‌ಮನ್‌ಗಳು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಲ್ಲ? ಆ ಮಿತಭಾಷಿ ಇಲ್ಲಿ ಬಾಯಿ ಮುಚ್ಚುವುದೇ ಇಲ್ಲ. ಕೊಂಬೆಯ ಮೇಲೆ ನೆಟ್ಟಗೆ ನಿಂತು, ತಲೆ ಹಿಂದಕ್ಕೆ ಎಸೆದು, ಗಂಟಲು ಉಬ್ಬಿಸಿ ಒಂದೇ ಸಮನೆ ಕೂಗು. ಒಂದು ನಿಲ್ಲಿಸಿದರೆ ಹಳ್ಳದ ಆಚೆಯಿಂದ ಇನ್ನೊಂದು ಉತ್ತರ ಕೊಡುತ್ತದೆ. ನೀನು ಕೆಂಪುಬಂಡೆ ಸ್ಟೇಷನ್ನಿನಿಂದ, ನಾನು ಬಿದಿರಕೊಳ್ಳ ಸ್ಟೇಷನ್ನಿನಿಂದ ಫೋನಿನಲ್ಲಿ ಮಾತಾಡುತ್ತಿದ್ದ ಹಾಗೆ. ನನಗೆ ಕಣ್ಣಲ್ಲಿ ನೀರು ಬಂತು. ಅಳು ಅಲ್ಲ, ಖುಷಿ. ಅಥವಾ ಎರಡೂ ಇರಬೇಕು.

ಗೂಡೂ ಸಿಕ್ಕಿತು! ಬಿದಿರು ಮೆಳೆಯ ಬುಡದಲ್ಲಿ, ನೆಲದಿಂದ ಮೊಣಕಾಲೆತ್ತರಕ್ಕೆ. ದೊಡ್ಡ ತೆಂಗಿನಕಾಯಿಯಷ್ಟು ಗುಂಡಗೆ, ಒಣ ಕಡ್ಡಿ, ಎಲೆ, ಬೇರು ಸೇರಿಸಿ ಕಟ್ಟಿದ್ದು, ಬದಿಯಲ್ಲಿ ಬಾಗಿಲು. ಕಸದ ಗುಡ್ಡೆ ಎಂದು ನಾನು ದಾಟಿ ಹೋಗಿಯೇಬಿಟ್ಟಿದ್ದೆ. ಅಮೃತ್‌ಭಾಯಿ ಅಂಗಿ ಹಿಡಿದು ಎಳೆದ. ಹೆಣ್ಣು ಒಳಗೆ ಕೂತಿತ್ತು, ಹತ್ತಿರ ಹೋಗಲಿಲ್ಲ, ಮೊಟ್ಟೆ ಎಷ್ಟು ಎಂದು ಕೇಳಬೇಡ.

ಅವನ ಮನೆಯಲ್ಲಿ ಮೆಕ್ಕೆಜೋಳದ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ. ನಮ್ಮ ಖಡಕ್ ರೊಟ್ಟಿಗೆ ದೂರದ ನೆಂಟ. ಉಣ್ಣುತ್ತಾ ನಮ್ಮ ಆಟವನ್ನು ಅವನಿಗೆ ವಿವರಿಸಿದೆ. ಅವನೂ ರೈಲ್ವೆಯವನಾದ್ದರಿಂದ ತಕ್ಷಣ ಹಿಡಿದ. ಗಾಡಿ ಬಿಡಲೇ ಎಂದು ಒಬ್ಬ ಸ್ಟೇಷನ್ ಮಾಸ್ಟರು ಲೈನ್ ಕ್ಲಿಯರ್ ಕೇಳಿದರೆ, ಮುಂದಿನ ಸ್ಟೇಷನ್ನಿನವನು ಪುಸ್ತಕದಿಂದ ಎರಡಂಕಿಯ ಒಂದು ಪ್ರೈವೇಟ್ ನಂಬರ್ ಓದಿ ಹೇಳಬೇಕು, ಇಬ್ಬರೂ ಬರೆದುಕೊಳ್ಳಬೇಕು, ಆಮೇಲೇ ಗಾಡಿ. ನಂಬರ್ ಕೊಟ್ಟ ಮಾತು ಹಿಂದಕ್ಕೆ ಹೋಗುವುದಿಲ್ಲ. ನಾವು ಹಕ್ಕಿಗೂ ಹಾಗೇ ಮಾಡಿದೆವು. "ಹಕ್ಕಿ ಕಂಡೆ" ಎಂದು ನೀನು ಹೇಳಿದರೆ ನಾನು "ನಂಬರ್ ಕೊಡು" ಎನ್ನುತ್ತಿದ್ದೆ. ಮನಸ್ಸಿಗೆ ಬಂದ ಒಂದು ಅಂಕಿ ಕೊಟ್ಟರೆ ಆಣೆ ಮಾಡಿದ ಹಾಗೆ, ಕೊಡದಿದ್ದರೆ ಅನುಮಾನ ಎಂದರ್ಥ. ಹತ್ತು ವರ್ಷದಲ್ಲಿ ನಿನ್ನ ಒಂದು ನಂಬರೂ ಸುಳ್ಳಾಗಲಿಲ್ಲ.

"ಈಗಲೂ ಕೊಡ್ತಾರಾ?" ಎಂದು ಅವನು ಕೇಳಿದ. ಇಲ್ಲ ಎಂದೆ. ಯಾಕೆ ಎಂದ. ಹೇಳಬೇಕಾಯಿತು. 2013ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ನೀನು ಗೂಡ್ಸ್ ಗಾಡಿಗೆ ಲೈನ್ ಕ್ಲಿಯರ್ ಕೇಳಿ ನನ್ನ ಸ್ಟೇಷನ್ನಿಗೆ ಘಂಟೆ ಹೊಡೆದೆ ಎಂದದ್ದು, ನನಗೆ ಕೇಳಿಸಲಿಲ್ಲ ಎಂದು ನಾನು ಹೇಳಿದ್ದು, ಸಿಗ್ನಲ್ ಸಿಗದೆ ಗಾಡಿ ಏರಿನಲ್ಲಿ ನಿಂತು ಮತ್ತೆ ಏಳಲಾರದೆ ಮಧ್ಯಾಹ್ನದವರೆಗೆ ದಾರಿ ಕಟ್ಟಿದ್ದು. ಯಂತ್ರ ಪರೀಕ್ಷೆ ಮಾಡಿದರು, ಘಂಟೆ ಸರಿಯಾಗಿತ್ತು. ಹಾಗಾದರೆ ನೀನು ಹೊಡೆಯಲೇ ಇಲ್ಲ, ರಿಜಿಸ್ಟರಿನಲ್ಲಿ ಆಮೇಲೆ ಬರೆದೆ ಎಂದು ತೀರ್ಮಾನವಾಯಿತು. ನಿನ್ನ ಬಡ್ತಿ ನಿಂತಿತು, ಘಟ್ಟದಿಂದ ತೆಗೆದು ಹುಬ್ಬಳ್ಳಿಯ ಒಂದು ಮೇಜಿಗೆ ಹಾಕಿದರು. ಮುಂದಿನ ವರ್ಷ ನಾನು ಬದಲಿ ವರ್ಗಾವಣೆ ಹಿಡಿದು ಇತ್ತ ಬಂದೆ. ಅಮೃತ್‌ಭಾಯಿ ಎಲ್ಲ ಕೇಳಿ ಮಜ್ಜಿಗೆ ಬಗ್ಗಿಸಿದ.

ವರ್ಷಿಣಿ ಕಳೆದ ಭಾನುವಾರ ಫೋನ್ ಮಾಡಿದ್ದಳು, ಅವಳ ಮೇಲೆ ಸಿಟ್ಟಾಗಬೇಡ. "ಕಾಕಾ, ಅಪ್ಪ ಬಾಗಿಲಾ ಹಾಕಿದ್ರೂ ನಾಕು ಸಲ ಹೋಗಿ ನೋಡ್ತಾರ. ಮರಗುಳಿ ಸುರುವಾತು ಅಂತ ತಮ್ಮಷ್ಟಕ್ಕ ತಾವ ಅನಕೊಂಡಾರ. ಡಾಕ್ಟರ್ ನೋಡಿದ್ರು, ನೆನಪು ಫಸ್ಟ್ ಕ್ಲಾಸ್ ಐತಿ ಅಂದ್ರು. ಆದ್ರ ಅಪ್ಪ ಏನಂತಾರ ಗೊತ್ತೇನು? ಆವತ್ತೂ ನನಗ ಹಿಂಗ ಖಾತ್ರಿ ಇತ್ತವಾ ಅಂತಾರ." ಇಷ್ಟು ಹೇಳಿ ಅತ್ತಳು.

ಗುಂಡ್ಯಾ, ಬಾ. ಇಲ್ಲಿಗೆ ಬಂದು ಒಂದೇ ಒಂದು ನವರಂಗ ನೋಡು, ಒಂದೇ ಒಂದು ನಂಬರ್ ಕೊಡು. ನನಗೆ ಬೇರೇನೂ ಬೇಡ.

ನಿನ್ನ
ಚಂದ್ರಕಾಂತ

ತಾ.ಕ.: ಗೂಡಿನ ನಂಬರ್ 58. ಮರಿಗಳು ಆಗಸ್ಟ್ ನಡುವಿಗೆ ಹೊರಬರಬಹುದು ಎಂದು ಅಮೃತ್‌ಭಾಯಿಯ ಅಂದಾಜು.


ವಡೋದರಾ ಸ್ಟೇಷನ್, ವೇಟಿಂಗ್ ರೂಮ್
18 ಆಗಸ್ಟ್ 2024

ಪ್ರಿಯ ಗುಂಡಪ್ಪ,

ನೀನು ಉತ್ತರ ಬರೆಯಲಿಲ್ಲ, ಆದರೂ ನಾನು ಬಿಡುವವನಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಪ್ಯಾಂಟು ತೊಡೆಯವರೆಗೆ ಕೆಸರು, ಪಕ್ಕದಲ್ಲಿ ಅನಸೂಯ ಮುಖ ಊದಿಸಿಕೊಂಡು ಕೂತಿದ್ದಾಳೆ. ಅವಳ ಕಥೆ ಆಮೇಲೆ. ಮರಿಗಳು ಹೊರಬಂದವು! ನನ್ನ ಕಣ್ಣೆದುರಿಗೇ, ಇವತ್ತೇ!

ಅನಸೂಯ ಮೊನ್ನೆಯಿಂದ ವಡೋದರಾದಲ್ಲಿ ಅವಳ ಗೆಳತಿಯ ಮನೆಯಲ್ಲಿದ್ದಳು. ಮಧ್ಯಾಹ್ನದ ಗಾಡಿಗೆ ಇಬ್ಬರೂ ಸ್ಟೇಷನ್ನಿನಲ್ಲಿ ಸೇರಿ ಅಹಮದಾಬಾದಿಗೆ ಹೋಗುವುದು ಎಂದು ಮಾತಾಗಿತ್ತು. ನಾನು ನಿನ್ನೆಯೇ ಕಾಡಿಗೆ ಹೋಗಿದ್ದೆ. ಬೆಳಗಾಗುತ್ತಿದ್ದ ಹಾಗೆ ಅಮೃತ್‌ಭಾಯಿ ನನ್ನನ್ನು ಒಂದು ಹಳೆಯ ಕಂಬಳಿ ಹೊದಿಸಿ ಮೆಳೆಯ ಎದುರು ಕೂರಿಸಿದ. "ಶಾಂತಿ ರಾಖೋ ಸಾಹೇಬ್" ಎಂದು ಬೆರಳು ತುಟಿಗಿಟ್ಟು ಹೋದ. ಸೊಳ್ಳೆ, ಇರುವೆ, ಜಿಟಿಜಿಟಿ ಮಳೆ. ನಾನು ಕಲ್ಲಾಗಿ ಕೂತೆ.

ಅಪ್ಪ ಅಮ್ಮ ಇಬ್ಬರೂ ದುಡಿಯುತ್ತವೆ ಕಣಯ್ಯ. ಕುಪ್ಪಳಿಸಿಕೊಂಡೇ ಬರುತ್ತವೆ, ಒಂದು ಕಡೆ ನಿಂತು ಕಿವಿಗೊಟ್ಟ ಹಾಗೆ ತಲೆ ಓರೆ ಮಾಡುತ್ತವೆ, ಎಲೆ ಮಗುಚಿ ಎರೆಹುಳ ಎಳೆಯುತ್ತವೆ. ಒಂದರ ಕೊಕ್ಕಿನಲ್ಲಿ ನಾಲ್ಕು ಹುಳ ಒಟ್ಟಿಗೆ ಜೋತಾಡುತ್ತಿದ್ದವು, ಶ್ಯಾವಿಗೆ ತಿನ್ನುವಾಗ ಬಾಯಿಂದ ಇಳಿಬಿದ್ದ ಹಾಗೆ. ಬೆಳಿಗ್ಗೆಯೆಲ್ಲ ಇದೇ ಓಡಾಟ. ಹನ್ನೊಂದರ ಹೊತ್ತಿಗೆ ಓಡಾಟ ನಿಂತಿತು. ಅಮ್ಮ ಹುಳ ಹಿಡಿದು ಗೂಡಿನ ಎದುರು ನೆಲದ ಮೇಲೆ ನಿಂತುಬಿಟ್ಟಳು. ಒಳಗೆ ಹೋಗುವುದಿಲ್ಲ. ಬೇಕಾದರೆ ಹೊರಗೆ ಬಾ ಎಂದು.

ಬಾಗಿಲಲ್ಲಿ ಒಂದು ತಲೆ ಕಂಡಿತು. ಮಸಿ ಬಳಿದ ಹಾಗೆ ಮಂಕು ಬಣ್ಣ, ಬಾಯಂಚು ಮಾತ್ರ ಕಿತ್ತಳೆ. ನವರಂಗದ ಮರಿ ಅಂದರೆ ಯಾರೂ ನಂಬುವುದಿಲ್ಲ. ಅರ್ಧ ಹೊರಗೆ ಬಂತು, ಮತ್ತೆ ಒಳಗೆ. ಮತ್ತೆ ಅರ್ಧ. ನಾನು ಉಸಿರು ಬಿಗಿಹಿಡಿದಿದ್ದೆ. ಆಗ ಸರಿಯಾಗಿ ಜೇಬಿನಲ್ಲಿ ನನ್ನ ಮೊಬೈಲು ನಡುಗಿತು. ಅದು ನಿಂತಿತು, ಮತ್ತೆ ನಡುಗಿತು. ಹೀಗೆ ಐದು ಸಲ. ನಾನು ಕೈ ಆಡಿಸಲಿಲ್ಲ. ಐದನೆಯ ಸಲಕ್ಕೆ ಮರಿ ಧೊಪ್ಪೆಂದು ಎಲೆಗಳ ಮೇಲೆ ಬಿತ್ತು, ಎದ್ದು ನಿಂತಿತು, ಅಮ್ಮನ ಬಾಯಿಯ ಹುಳ ಕಿತ್ತುಕೊಂಡಿತು! ಅದರ ಹಿಂದೆ ಇನ್ನೊಂದು, ಮತ್ತೊಂದು, ಒಟ್ಟು ನಾಲ್ಕು. ಒಂದರ ಹಿಂದೊಂದು ಬಿದಿರಿನೊಳಗೆ ಹೊರಟವು, ಶಂಟಿಂಗ್ ಮಾಡುವ ಡಬ್ಬಿಗಳ ಹಾಗೆ. ನಾನು ಕಂಬಳಿ ಎಸೆದು ಕೆಸರಿನಲ್ಲೇ ಕುಣಿದೆ. ಐವತ್ತೆಂಟು ವರ್ಷದ ಮನುಷ್ಯ. ಅಮೃತ್‌ಭಾಯಿ ಓಡಿ ಬಂದು ಅವನೂ ಒಂದು ಸುತ್ತು ಗರಬಾ ಹಾಕಿದ.

ಆ ಐದು ಕರೆಗಳೂ ಅನಸೂಯಳವು. ಸ್ಟೇಷನ್ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಉಳುಕಿತ್ತು. ಯಾರೋ ಹಮಾಲ ಪುಣ್ಯಾತ್ಮ ಕೂರಿಸಿ, ಐಸು ತಂದುಕೊಟ್ಟನಂತೆ. ಮಧ್ಯಾಹ್ನದ ಗಾಡಿ ಹೋಯಿತು. ನಾನು ಸಂಜೆ ನಾಲ್ಕಕ್ಕೆ ಈ ಅವತಾರದಲ್ಲಿ ಬಂದೆ.

"ಐದು ಸಲ ಮಾಡೇನಿ. ಕೇಳಿಸಿದ್ದಿಲ್ಲೇನು?" ಎಂದಳು.

"ಕೇಳಿಸಲಿಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಈವರೆಗೆ ಒಂದು ಮಾತೂ ಇಲ್ಲ. ಅವಳ ಕಾಲಿಗೆ ದೊಡ್ಡದೇನೂ ಆಗಿಲ್ಲ, ಬಾವು ಇಳಿಯುತ್ತಿದೆ, ನೀನು ಚಿಂತಿಸಬೇಡ. ಮುಂದಿನ ಗಾಡಿ ಆರೂವರೆಗೆ.

ದೇವರು ನಿನಗೆ ಆರೋಗ್ಯ ಕೊಡಲಿ, ನಿನ್ನ ಮನೆಯ ಬಾಗಿಲು ಒಂದೇ ಸಲಕ್ಕೆ ಹಾಕಿಕೊಳ್ಳುವಂತಾಗಲಿ. ವೈನಿಗೆ ನಮಸ್ಕಾರ.

ನಿನ್ನ
ಚಂದ್ರಕಾಂತ

ತಾ.ಕ.: ಪತ್ರ ಮಡಿಚಿ ಜೇಬಿಗಿಟ್ಟಿದ್ದೆ. ಅನಸೂಯ ಈಗ ಬಾಯಿ ಬಿಟ್ಟಳು. "ಹಕ್ಕಿ ಸುದ್ದಿ ಮೂರು ಸಲ ಬರದ್ರಿ. ಖರೇ ಸುದ್ದಿ ಯಾವಾಗ ಬರೀತೀರಿ?" ಎಂದಳು. ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಹನ್ನೊಂದು ವರ್ಷದಿಂದ ಗೊತ್ತಿತ್ತಂತೆ. ಇವತ್ತು ನಾನು "ಕೇಳಿಸಲಿಲ್ಲ" ಎಂದ ಧಾಟಿ, ಅವತ್ತು ವಿಚಾರಣೆ ಮುಗಿಸಿ ಮನೆಗೆ ಬಂದು ಹೇಳಿದ ಧಾಟಿ, ಎರಡೂ ಒಂದೇ ಎಂದಳು.

ಗುಂಡಪ್ಪ, ನೀನು ಘಂಟೆ ಹೊಡೆದಿದ್ದೆ. ನನಗೆ ಕೇಳಿಸಿತ್ತು.

ಅವತ್ತು ಬೆಳಿಗ್ಗೆ ಆರು ಇಪ್ಪತ್ತಕ್ಕೆ ಒಂದು ನವರಂಗ ನನ್ನ ಆಫೀಸಿನ ಗಾಜಿಗೆ ಬಡಿದು ಹೊರಗೆ ಬಿತ್ತು. ರಾತ್ರಿಯೆಲ್ಲ ಹಾರಿ ಉತ್ತರದಿಂದ ಬಂದದ್ದು. ಎರಡೂ ಬೊಗಸೆಯಲ್ಲಿ ಎತ್ತಿಕೊಂಡು ಪ್ಲಾಟ್‌ಫಾರ್ಮಿನ ತುದಿಯ ಮರದ ಕೆಳಗೆ ಕೂತೆ. ಎದೆ ಪಟಪಟ ಎನ್ನುತ್ತಿತ್ತು, ಕಣ್ಣು ಮುಚ್ಚಿತ್ತು. ಆಗ ನಿನ್ನ ಘಂಟೆ ಹೊಡೆಯಿತು. ಇನ್ನೊಂದು ನಿಮಿಷ ಎಂದುಕೊಂಡೆ. ಮತ್ತೆ ಹೊಡೆಯಿತು, ಮತ್ತೆ ಇನ್ನೊಂದು ನಿಮಿಷ. ಇಪ್ಪತ್ತೈದು ನಿಮಿಷದಲ್ಲಿ ನೀನು ನಾಲ್ಕು ಸಲ ಕರೆದೆ, ನಿನ್ನ ರಿಜಿಸ್ಟರಿನಲ್ಲಿ ಬರೆದದ್ದೂ ನಾಲ್ಕೇ. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಧಿಕಾರಿಗಳ ಮುಂದೆ ನನ್ನ ಬಾಯಿಂದ "ಕೇಳಿಸಲಿಲ್ಲ" ಎಂದು ಬಂತು. ಹೆದರಿಕೆ, ಗುಂಡ್ಯಾ, ಬೇರೇನೂ ಅಲ್ಲ. ನಾಳೆ ತಿದ್ದೋಣ ಎಂದುಕೊಂಡೆ. ಆ ನಾಳೆ ಇವತ್ತಿನವರೆಗೆ ಬರಲಿಲ್ಲ.

ನಿನ್ನ ಬಡ್ತಿ ಹೋದದ್ದಕ್ಕಿಂತ ನಿನಗೆ ನಿನ್ನ ಮೇಲೆ ನಂಬಿಕೆ ಹೋದದ್ದು ದೊಡ್ಡದು. ಅದು ನನ್ನ ಕೈಯಿಂದ ಆದದ್ದು. ನಿನ್ನ ನೆನಪಿಗೆ ಏನೂ ಆಗಿಲ್ಲ, ಎಂದೂ ಆಗಿರಲಿಲ್ಲ. ನಿನ್ನನ್ನು ಇಲ್ಲಿಗೆ ಕರೆಸಿ, ಹಕ್ಕಿ ತೋರಿಸಿ, ಹೇಳದೆಯೇ ಸರಿಮಾಡಿಬಿಡೋಣ ಎಂದು ನೋಡಿದೆ. ಅದೂ ಹೇಡಿತನವೇ.

ಬಾಯಿಮಾತು ಬೇಡ, ಬರೆದು ಕಳಿಸು ಎನ್ನುತ್ತೀಯಲ್ಲ, ಬರೆದಿದ್ದೇನೆ. ಇನ್ನೂ ಒಂದೂವರೆ ವರ್ಷ ಸರ್ವೀಸಿನಲ್ಲಿದ್ದೇನೆ. ಇದನ್ನು ವರ್ಷಿಣಿಗೆ ತೋರಿಸು, ಆಫೀಸಿಗೆ ಕೊಡು, ನಿನಗೆ ಸರಿ ಕಂಡದ್ದು ಮಾಡು. ಪೂರ್ತಿ ಹೆಸರು ಹಾಕಿ ಸಹಿ ಮಾಡುತ್ತಿದ್ದೇನೆ.

ಚಂದ್ರಕಾಂತ ರಾಮಪ್ಪ ಹಾವನೂರ, ಆಗಿನ ಸ್ಟೇಷನ್ ಮಾಸ್ಟರ್, ಬಿದಿರಕೊಳ್ಳ
18-08-2024, ಸಂಜೆ 5-50


ಮಣಿನಗರ
6 ಸೆಪ್ಟೆಂಬರ್ 2024

ಗುಂಡ್ಯಾ,

ನಿನ್ನ ಕಾರ್ಡು ಇವತ್ತು ಬಂತು. ಹದಿನೆಂಟು ದಿನ ನಾನು ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನಲ್ಲಿ ನಿಂತಿದ್ದೆ. ಅಕ್ಷರ ಒತ್ತಿ ಒತ್ತಿ ಬರೆದಿದ್ದೀ, ಹಿಂದಿನ ಮೈಗೂ ಮೂಡಿದೆ. ಓದಿ ಓದಿ ಬಾಯಿಪಾಠವಾಯಿತು, ಆದರೂ ಇಲ್ಲಿ ಮತ್ತೆ ಬರೆದುಕೊಳ್ಳುತ್ತೇನೆ:

"ಪತ್ರ ಮುಟ್ಟಿತು. ಸಿಟ್ಟು ಐತಿ, ಇನ್ನೂ ಭಾಳ ದಿನ ಇರತೈತಿ. ಪತ್ರ ಯಾರಿಗೂ ಕೊಡೂದಿಲ್ಲ, ನನ್ನ ಉಸಾಬರಿ ನಾ ನೋಡಕೊತೀನಿ. ಅಕ್ಟೋಬರ್‌ನಾಗ ಬಾ, ಎದುರಿಗೆ ಕೂಡಿಸಿ ಬೈಬೇಕು. ಜೂನ್‌ನಾಗ ಬಾಲ್ಕನಿ ಮುಂದ ಕೂಗಿದ್ದು ಕೋಗಿಲೆನ. ಪ್ರೈವೇಟ್ ನಂಬರ್ 47. ಅದಿರಲಿ, ಆ ಹಕ್ಕಿ ಬದುಕಿತೇನು?"

ಅನಸೂಯಳಿಗೆ ಓದಿ ಹೇಳಿದೆ. ನಲವತ್ತೇಳಕ್ಕೆ ಬಂದು ಅದನ್ನೇ ಮತ್ತೆ ಮತ್ತೆ ಓದಿದೆ. ಅವಳೇ ಕಾರ್ಡು ಇಸಿದುಕೊಂಡು ಉಳಿದದ್ದನ್ನು ಓದಿದಳು. ಅಮೃತ್‌ಭಾಯಿಗೂ ಹೇಳಿದೆ, ಅವನು ಯಾರ್ಡಿನಲ್ಲೆಲ್ಲ ಪೇಡಾ ಹಂಚಿದ. ಯಾಕೆ ಎಂದು ಕೇಳಿದವರಿಗೆ, ಹುಬ್ಬಳ್ಳಿಯಲ್ಲಿ ಕೋಗಿಲೆ ಕೂಗಿತು ಎಂದನಂತೆ.

ಬೈಸಿಕೊಳ್ಳಲು ಟಿಕೆಟ್ ಮಾಡಿಸಿದ್ದೇನೆ, ಅಕ್ಟೋಬರ್ ಇಪ್ಪತ್ತು. ಇಲ್ಲಿನ ನವರಂಗಗಳೂ ಆ ಹೊತ್ತಿಗೆ ನಿನ್ನ ಕಡೆಗೇ ಹೊರಟಿರುತ್ತವೆ. ಬೈದು ಮುಗಿದ ಮೇಲೆ ಇಬ್ಬರೂ ಘಟ್ಟಕ್ಕೆ ಹೋಗೋಣ, ನಿನಗೆ ಮನಸ್ಸಿದ್ದರೆ.

ಇನ್ನು ನಿನ್ನ ಪ್ರಶ್ನೆ. ಬದುಕಿತು, ಗುಂಡ್ಯಾ. ಆರು ನಲವತ್ತೈದಕ್ಕೆ ಕಣ್ಣು ಬಿಟ್ಟಿತು. ನನ್ನ ಹೆಬ್ಬೆರಳ ಮೇಲೆ ಆ ಗುಲಾಬಿ ಕಾಲು ಊರಿ ಎದ್ದು ನಿಂತಿತು, ನನ್ನನ್ನೊಮ್ಮೆ ನೋಡಿತು, ಹಾರಿತು. ರೆಕ್ಕೆ ಬಿಚ್ಚಿದ ತಕ್ಷಣ ಬೆನ್ನಿನ ಕೆಳಗೆ, ಅದುವರೆಗೆ ಮುಚ್ಚಿಕೊಂಡಿದ್ದ ಜಾಗದಲ್ಲಿ, ಒಂದು ನೀಲಿ ಹೊತ್ತಿಕೊಂಡಿತು. ಹೆಗಲ ನೀಲಿಯಲ್ಲ, ಬೇರೆಯದೇ. ನೀನು ಹೇಳುತ್ತಿದ್ದ ಒಂಬತ್ತನೆಯದು. ಹಳಿಯ ಗುಂಟ ಹೋಗಿ ಕೆಂಪುಬಂಡೆಯ ಕಡೆಗೆ, ನಿನ್ನ ಕಡೆಗೇ, ತಿರುಗಿತು. ಅದನ್ನು ನಿನಗೆ ಹೇಳಲು ಓಡಿ ಹೋಗಿ ಫೋನ್ ಎತ್ತಿದೆ. ಆಚೆಯಿಂದ ನೀನು, "ಎಲ್ಲಿ ಸತ್ತಿದ್ದ್ಯೋ ಚಂದ್ಯಾ, ಗಾಡಿ ನಿಂತೈತಿ" ಎಂದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಂದಿನಿಂದ ನಿನಗೆ ಎಂಟು, ಎಂಟು ಎಂದೇ ಬರೆಯುತ್ತಾ ಬಂದೆ.

ಬರೆದುಕೋ. ಬಿದಿರಕೊಳ್ಳ, 2013 ನವೆಂಬರ್, ನವರಂಗ ಒಂದು, ಬಣ್ಣ ಒಂಬತ್ತು. ಪ್ರೈವೇಟ್ ನಂಬರ್ 63.

ಚಂದ್ಯಾ